ಎ ಪ್ಲಸ್ ಕೋರ್ 2 ಮತ್ತೆ ಬರೆಯಬೇಕು, ಈ ಸಲ ಎಲ್ಲಿಂದ ಶುರು ಮಾಡಲಿ?

ಮಂಡಿಪೇಟೆ ಟೆಕ್ನಿಶಿಯನ್:

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ ಕೆಲಸಕ್ಕಿದ್ದೇನೆ. ಕಂಪ್ಯೂಟರ್ ಟೆಕ್ನಿಶಿಯನ್‌ಗಳಿಗೆ ಕಾಂಪ್ಟಿಯಾ ಸಂಸ್ಥೆ ಕೊಡುವ ಎ ಪ್ಲಸ್ ಸರ್ಟಿಫಿಕೇಟ್‌ಗೆ ಎರಡು ಪರೀಕ್ಷೆ. ಅದರಲ್ಲಿ ಕೋರ್ 1 (220-1201) ಪಾಸಾಯಿತು. ಕೋರ್ 2 ಕೈಕೊಟ್ಟಿತು. 700 ಬರಬೇಕಿತ್ತು, ಸ್ವಲ್ಪದರಲ್ಲೇ ಹೋಯಿತು.

ವಿಂಡೋಸ್ ಹಾಕುವುದು, ವೈರಸ್ ತೆಗೆಯುವುದು ನನಗೆ ದಿನದ ಕೆಲಸ. ಎಪಿಎಂಸಿ ದಲಾಲಿ ಅಂಗಡಿಯ ಸಿಸ್ಟಂ ಬಂದರೆ ಮೊದಲು ಬ್ಲೋವರ್ ಹಿಡಿದು ಮೆಕ್ಕೆಜೋಳದ ಧೂಳು ಊದಬೇಕು, ಉಳಿದ ಮಾತೆಲ್ಲ ಆಮೇಲೆ. ಅಂಥವನಿಗೆ ಸ್ಕೋರ್ ರಿಪೋರ್ಟ್ ಏನು ಹೇಳುತ್ತಿದೆ ಗೊತ್ತಾ? ತಪ್ಪಾದ ವಿಷಯಗಳ ಪಟ್ಟಿಯಲ್ಲಿ ಮಾಲ್‌ವೇರ್ (ವೈರಸ್‌ನಂಥ ಹಾನಿಕರ ಸಾಫ್ಟ್‌ವೇರ್) ತೆಗೆಯುವ ಕ್ರಮ, ಡಾಕ್ಯುಮೆಂಟೇಶನ್ (ಕೆಲಸದ ದಾಖಲೆ ಬರೆದಿಡುವುದು), ಚೇಂಜ್ ಮ್ಯಾನೇಜ್‌ಮೆಂಟ್ (ಸಿಸ್ಟಂ ಬದಲಾವಣೆಯನ್ನು ಯೋಜನೆ, ಒಪ್ಪಿಗೆ ಪ್ರಕಾರ ಮಾಡುವುದು). ನಮ್ಮ ಓನರ್‌ಗೆ ಹೇಳಿದರೆ ನಗುತ್ತಾರೆ.

ಶಟರ್ ಎತ್ತುವ ಮುಂಚೆ ಬೆಳಿಗ್ಗೆ ಸ್ವಲ್ಪ ಹೊತ್ತು ಓದಬಹುದು. ಗೆಳೆಯನೊಬ್ಬ ಕೋರ್ 2ರ ಹಿಂದಿನ ಆವೃತ್ತಿ 1102ರ ಹಳೇ ಪುಸ್ತಕ ಕೊಟ್ಟಿದ್ದಾನೆ, ನಡೆಯುತ್ತದಾ? ಇನ್ನೊಬ್ಬ ಟೆಲಿಗ್ರಾಂನಲ್ಲಿ ಡಂಪ್ (ಸೋರಿಕೆಯಾದ ಪ್ರಶ್ನೋತ್ತರ) ಸಿಗುತ್ತದೆ, ಸುಮ್ನೆ ಅದನ್ನೇ ಉರು ಹೊಡಿ ಅನ್ನುತ್ತಾನೆ.

ದುರ್ಗದ ಸಿಸ್ಟಂ ಅಡ್ಮಿನ್:

ಡಂಪ್ ಸಹವಾಸ ಬೇಡ ತಮ್ಮಾ. ಗೊತ್ತಾದರೆ ಬಂದ ಸರ್ಟಿಫಿಕೇಟನ್ನೂ ಕಾಂಪ್ಟಿಯಾದವರು ವಾಪಸ್ ತೆಗೆದುಕೊಳ್ಳಬಹುದು.

ನಿಮಗೆ ಕೆಲಸ ಬರುತ್ತದೆ, ಅದರಲ್ಲಿ ಅನುಮಾನವಿಲ್ಲ. ತೊಂದರೆ ಇರುವುದು ಅಂಗಡಿಯ ರೂಢಿಯಲ್ಲಿ. ನಾನೂ ಚಿತ್ರದುರ್ಗದಲ್ಲಿ ಅಂಗಡಿ ಕೆಲಸದಿಂದಲೇ ಬಂದವನು. ವೈರಸ್ ಹಿಡಿದ ಸಿಸ್ಟಂ ಬಂತು ಅಂದರೆ ಏನು ಮಾಡುತ್ತೇವೆ? ಟ್ಯಾಲಿ ಡೇಟಾ ಒಂದು ಪೆನ್‌ಡ್ರೈವ್‌ಗೆ ಎಳೆದುಕೊಂಡು ಸಿ ಡ್ರೈವ್ ಫಾರ್ಮ್ಯಾಟ್. ಸಂಜೆಯೊಳಗೆ ಡೆಲಿವರಿ. ಗಿರಾಕಿಗೂ ಖುಷಿ. ಆದರೆ ಪರೀಕ್ಷೆಯಲ್ಲಿ ಅದೇ ಪೆನ್‌ಡ್ರೈವ್ ನಿಮ್ಮನ್ನು ಮುಳುಗಿಸುತ್ತದೆ.

ಅಲ್ಲಿ ಮೊದಲು ಲಕ್ಷಣ ನೋಡಿ ಮಾಲ್‌ವೇರ್ ಹೌದಾ ಅಂತ ಖಾತ್ರಿ ಮಾಡಿಕೊಳ್ಳಬೇಕು. ಆಮೇಲೆ ಕ್ವಾರಂಟೈನ್, ಅಂದರೆ ಲ್ಯಾನ್ ಕೇಬಲ್ ಕೀಳು, ವೈಫೈ ಆಫ್ ಮಾಡು. ಆಮೇಲೆ ಸಿಸ್ಟಂ ರಿಸ್ಟೋರ್ (ವಿಂಡೋಸನ್ನು ಹಿಂದೆ ಉಳಿಸಿಟ್ಟ ಸ್ಥಿತಿಗೆ ಒಯ್ಯುವ ಸೌಲಭ್ಯ) ಆಫ್. ಇದನ್ನು ನಮ್ಮಲ್ಲಿ ಯಾರೂ ಮಾಡುವುದಿಲ್ಲ. ಹಳೇ ರಿಸ್ಟೋರ್ ಪಾಯಿಂಟ್ ಒಳಗೇ ಮಾಲ್‌ವೇರ್ ಅವಿತು ಕೂತಿರಬಹುದು. ನೀವು ಸ್ಕ್ಯಾನ್ ಮಾಡಿ ಕಳಿಸುತ್ತೀರಿ, ಗಿರಾಕಿ ಒಂದು ದಿನ ರಿಸ್ಟೋರ್ ಒತ್ತುತ್ತಾನೆ, ಅದು ಮತ್ತೆ ಎದ್ದು ಬರುತ್ತದೆ. ಅದಕ್ಕೇ ಆ ಹೆಜ್ಜೆ ಇರುವುದು. ನಂತರ ಆಂಟಿಮಾಲ್‌ವೇರ್ ಅಪ್‌ಡೇಟ್ ಮಾಡಿ ಸ್ಕ್ಯಾನ್. ಬೇಕಾದರೆ ಸೇಫ್ ಮೋಡ್. ಅದಕ್ಕೂ ಬಗ್ಗದಿದ್ದರೆ ಮಾತ್ರ ರೀಇನ್‌ಸ್ಟಾಲ್. ಕ್ಲೀನ್ ಆದ ಮೇಲೆ ಸ್ಕ್ಯಾನ್ ಶೆಡ್ಯೂಲ್ ಮಾಡಿ, ರಿಸ್ಟೋರ್ ಆನ್ ಮಾಡಿ ಹೊಸ ಪಾಯಿಂಟ್ ಹಾಕಬೇಕು. ಕೊನೆಗೆ ಗಿರಾಕಿಗೆ ತಿಳಿಹೇಳುವುದು. ಇದೂ ಒಂದು ಹೆಜ್ಜೆಯೇ. ನಾವು ಬಿಲ್ ಕೊಟ್ಟು ಕಳಿಸಿಬಿಡುತ್ತೇವೆ, ಅಲ್ವಾ?

ಡಾಕ್ಯುಮೆಂಟೇಶನ್ ಕಥೆಯೂ ಇದೇ. ನಮ್ಮ ಜಾಬ್ ಕಾರ್ಡಿನಲ್ಲಿ "ಸ್ಲೋ ಇದೆ" ಅಂತ ಗೀಚಿ ಫೋನ್ ನಂಬರ್ ಹಾಕಿದರೆ ಮುಗಿಯಿತು. ಕೋರ್ 2ರಲ್ಲಿ ಡಾಕ್ಯುಮೆಂಟೇಶನ್, ಚೇಂಜ್ ಮ್ಯಾನೇಜ್‌ಮೆಂಟ್ ಬರುವ ಆಪರೇಷನಲ್ ಪ್ರೊಸೀಜರ್ಸ್ ಭಾಗಕ್ಕೇ 21% ಪಾಲು ಇದೆ. ಆಪರೇಟಿಂಗ್ ಸಿಸ್ಟಂ 28%, ಸೆಕ್ಯುರಿಟಿ 28%, ಸಾಫ್ಟ್‌ವೇರ್ ಟ್ರಬಲ್‌ಶೂಟಿಂಗ್ 23%. ಎಲ್ಲರೂ ಆ 21% ಅನ್ನು "ಬರೀ ಥಿಯರಿ" ಅಂತ ಕೊನೆಗೆ ಬಿಡುತ್ತಾರೆ. ನಿಮ್ಮಂಥವರಿಗೆ ಬೇಗ ಮಾರ್ಕ್ಸ್ ಸಿಗುವುದು ಅಲ್ಲೇ. ಅಲ್ಲಿಂದಲೇ ಶುರು ಮಾಡಿ.

ಇನ್ನೊಂದು. ಅಂಗಡಿಗೆ ಬರುವ ಸಿಸ್ಟಂಗಳಿಗೇ ಈ ಕ್ರಮದಲ್ಲಿ ಕೆಲಸ ಮಾಡಿ ನೋಡಿ. ಓನರ್ ಬೈದರೆ ಬೈಯಲಿ.

ನಿಟ್ಟುವಳ್ಳಿ ಅಕ್ಕ:

ಹಳೇ ಪುಸ್ತಕದ ಬಗ್ಗೆ ಯಾರೂ ಹೇಳಲಿಲ್ಲ. ಹಿಂದಿನ ಆವೃತ್ತಿಯ 1101 (ಕೋರ್ 1), 1102 (ಕೋರ್ 2) ಎರಡೂ ಸೆಪ್ಟೆಂಬರ್ 2025ಕ್ಕೆ ನಿಂತುಹೋದವು. ನೀವು ಕೋರ್ 1 ಅನ್ನು 1201ರಲ್ಲಿ ಪಾಸಾಗಿರುವುದರಿಂದ ಕೋರ್ 2 ಕೂಡ ಅದೇ ಹೊಸ ಆವೃತ್ತಿಯ 1202 ಆಗಲೇಬೇಕು, ಬೆರಕೆ ನಡೆಯುವುದಿಲ್ಲ. ಹಳೇ ಪುಸ್ತಕದಲ್ಲಿ ವಿಂಡೋಸ್ ಕಮಾಂಡ್, ಪರ್ಮಿಷನ್ ಎಲ್ಲ ಓದಬಹುದು. ಆದರೆ ಕಾಂಪ್ಟಿಯಾ ಸೈಟಿನಲ್ಲಿ 1202ರ ಆಬ್ಜೆಕ್ಟಿವ್ಸ್ (ಪರೀಕ್ಷೆಗೆ ಬರುವ ವಿಷಯಗಳ ನಂಬರ್ ಹಾಕಿದ ಪಟ್ಟಿ) ಪಿಡಿಎಫ್ ಪುಕ್ಕಟೆ ಸಿಗುತ್ತದೆ. ಅದನ್ನು ಪ್ರಿಂಟ್ ಹಾಕಿಸಿ, ನಿಮ್ಮ ಸ್ಕೋರ್ ರಿಪೋರ್ಟಿನ ನಂಬರ್‌ಗಳಿಗೆ ಅದರಲ್ಲಿ ಗುರುತು ಹಾಕಿಕೊಳ್ಳಿ.

ಮಂಡಿಪೇಟೆ ಟೆಕ್ನಿಶಿಯನ್:

ತುಂಬಾ ಥ್ಯಾಂಕ್ಸ್ ಸರ್, ಅಕ್ಕಾ. ರಿಸ್ಟೋರ್ ಪಾಯಿಂಟ್ ವಿಷಯ ಈಗ ತಲೆಗೆ ಹೋಯಿತು. ಮತ್ತೆ ಬರೆಯೋಕೆ ಎಷ್ಟು ದಿನ ಕಾಯಬೇಕು? ಸ್ಕ್ರೀನ್ ಮೇಲೆ ಕೆಲಸ ಮಾಡಿ ತೋರಿಸಬೇಕಾದ ಆ ಸಿಮ್ಯುಲೇಶನ್ ಪ್ರಶ್ನೆಗಳು ಬೇರೆ ಮೊದಲೇ ಬಂದು ಅರ್ಧ ಟೈಮ್ ನುಂಗಿದವು.

ನಿಟ್ಟುವಳ್ಳಿ ಅಕ್ಕ:

ಎರಡನೇ ಸಲಕ್ಕೆ ಕಾಯುವ ನಿಯಮವಿಲ್ಲ. ಅದೂ ಹೋದರೆ ಮೂರನೆಯದಕ್ಕೆ 14 ದಿನ ಬಿಡಬೇಕು. ಫೀಸ್ ಮಾತ್ರ ಪ್ರತಿ ಸಲ ಪೂರ್ತಿ ಕಟ್ಟಬೇಕು, ಹಾಗಾಗಿ ನಾಳೆಯೇ ಬುಕ್ ಮಾಡಬೇಡಿ. ಸಿಮ್ಯುಲೇಶನ್ ಬಂದರೆ ಫ್ಲ್ಯಾಗ್ ಹಾಕಿ ಮುಂದೆ ಹೋಗಿ. 90 ನಿಮಿಷಕ್ಕೆ ಹೆಚ್ಚೆಂದರೆ 90 ಪ್ರಶ್ನೆ ಇರುತ್ತವೆ. ಮೊದಲು ಸಣ್ಣವನ್ನು ಮುಗಿಸಿಕೊಂಡು ವಾಪಸ್ ಬನ್ನಿ. ಗೊತ್ತಿಲ್ಲದ್ದನ್ನೂ ಖಾಲಿ ಬಿಡಬೇಡಿ, ತಪ್ಪಿಗೆ ಮಾರ್ಕ್ಸ್ ಕಳೆಯುವುದಿಲ್ಲ.

ದುರ್ಗದ ಸಿಸ್ಟಂ ಅಡ್ಮಿನ್:

ಮನೆಯಿಂದ ಆನ್‌ಲೈನ್ ಬರೆಯುವ ಯೋಚನೆ ಇದ್ದರೆ ಯುಪಿಎಸ್ ಬ್ಯಾಟರಿ ನೋಡಿಕೊಳ್ಳಿ, ರೂಟರ್‌ಗೂ ಕನೆಕ್ಷನ್ ಕೊಡಿ. ರೂಮಿಗೆ ಯಾರೂ ಬರಬಾರದು, ಪ್ರಶ್ನೆ ಬಾಯಿಬಿಟ್ಟು ಓದುವ ಹಾಗೂ ಇಲ್ಲ. ಕೂಡು ಕುಟುಂಬದ ಮನೆಯಾದರೆ ಸೆಂಟರ್‌ಗೆ ಹೋಗುವುದೇ ಮೇಲು.