ನ್ಯಾಷನಲ್ ರಿಕ್ರಿಯೇಷನ್ ಟ್ರೇಲ್ ಮನ್ನಣೆ: ಕಾಲುದಾರಿ ಜೊತೆ ಹೊಳೆದಾರಿಯೂ ಇದ್ದರೆ?

ಹೊಳೆಬದಿ:
ಅಮೆರಿಕದಲ್ಲಿರೋರಿಗೆ ಪ್ರಶ್ನೆ. ನಮ್ಮ ಕೌಂಟಿಯಲ್ಲಿ 11 ಮೈಲಿ ಕಾಲುದಾರಿ ಇದೆ, ಅದಕ್ಕೆ ಅಂಟಿಕೊಂಡೇ 14 ಮೈಲಿ ಕಯಾಕ್ ಹೋಗುವ ಹೊಳೆ. ಎರಡನ್ನೂ ನ್ಯಾಷನಲ್ ರಿಕ್ರಿಯೇಷನ್ ಟ್ರೇಲ್ (ವಿಹಾರದಾರಿಗೆ ಫೆಡರಲ್ ಸರ್ಕಾರ ಕೊಡುವ ಮನ್ನಣೆ) ಅಂತ ಘೋಷಿಸಲು ಅರ್ಜಿ ಹಾಕಬೇಕು. ಕಾಲುದಾರಿಯಲ್ಲಿ 2 ಮೈಲಿ ಇನ್ನೂ ಕಡಿದಿಲ್ಲ, ಎರಡು ಕಡೆ ಖಾಸಗಿ ಜಮೀನು ಹಾಯುತ್ತೆ, ಹೊಳೆಗೆ ಅಡ್ಡ ಒಂದು ಗಿಡ್ಡ ಒಡ್ಡು ಇದೆ. ಪಾಸಾಗುತ್ತಾ? ಬೋರ್ಡ್ ಬಿಟ್ಟು ಬೇರೇನು ಸಿಗುತ್ತೆ?

ನಕ್ಷೆಪೆಟ್ಟಿಗೆ:
ಕಡಿಯದ 2 ಮೈಲಿಯನ್ನು ಈಗಲೇ ಅರ್ಜಿಯಿಂದ ತೆಗೆಯಿರಿ. ಈ ಮನ್ನಣೆ ಈಗಾಗಲೇ ಜನ ಓಡಾಡುತ್ತಿರುವ ದಾರಿಗೆ, ಯೋಜನೆಗೆ ಅಲ್ಲ. 9 ಮೈಲಿಗೆ ಹಾಕಿ. ಉದ್ದಕ್ಕೆ ಕನಿಷ್ಠ ಮಿತಿ ಇಲ್ಲ.

1968ರ ನ್ಯಾಷನಲ್ ಟ್ರೇಲ್ಸ್ ಸಿಸ್ಟಮ್ ಕಾಯ್ದೆಯಲ್ಲಿ ಸೀನಿಕ್ ಟ್ರೇಲ್‌ಗೆ ಕಾಂಗ್ರೆಸ್, ಅಂದರೆ ಅಮೆರಿಕದ ಸಂಸತ್ತೇ ಶಾಸನ ಮಾಡಬೇಕು. 1978ರಲ್ಲಿ ಸೇರಿಸಿದ ಹಿಸ್ಟಾರಿಕ್ ಟ್ರೇಲ್‌ಗೂ ಅಷ್ಟೆ. ರಿಕ್ರಿಯೇಷನ್ ಟ್ರೇಲ್‌ಗೆ ಫೆಡರಲ್ ಜಮೀನು ನೋಡಿಕೊಳ್ಳುವ ಇಂಟೀರಿಯರ್ ಖಾತೆಯ ಕಾರ್ಯದರ್ಶಿಯ (ನಮ್ಮಲ್ಲಿ ಸಚಿವರಿದ್ದ ಹಾಗೆ) ಸಹಿ ಸಾಕು. ಫಾರೆಸ್ಟ್ ಸರ್ವೀಸ್ ಜಮೀನಾದರೆ ಕೃಷಿ ಕಾರ್ಯದರ್ಶಿಯ ಅಧಿಕಾರ. ಅದಕ್ಕೇ ಇಂಥ ಟ್ರೇಲ್‌ಗಳು ಸಾವಿರ ದಾಟಿವೆ.

ಅವರು ನೋಡೋದು ನಾಲ್ಕೇ ವಿಷಯ. ದಾರಿ ಸಾರ್ವಜನಿಕರಿಗೆ ತೆರೆದಿದ್ದು, ಬಳಕೆಗೆ ತಕ್ಕಂತೆ ಕಟ್ಟಿ ನಿರ್ವಹಿಸಿರಬೇಕು. ಭೂಬಳಕೆ ಯೋಜನೆ ಮತ್ತು ಪರಿಸರ ಕಾನೂನಿಗೆ ಒಪ್ಪಬೇಕು. ಘೋಷಣೆಯಾದ ಮೇಲೆ ಕನಿಷ್ಠ 10 ವರ್ಷ ಸತತವಾಗಿ ತೆರೆದಿರಬೇಕು. ದಾರಿ ಹಾಯುವ ಪ್ರತಿ ಜಮೀನಿನ ಮಾಲೀಕರೂ ಒಪ್ಪಿರಬೇಕು. ಖಾಸಗಿಯವರ ಒಪ್ಪಿಗೆ ಲಿಖಿತವೇ ಆಗಬೇಕು, ಅದು ಕಾಯ್ದೆಯಲ್ಲೇ ಇದೆ. ನೋಟ ಎಷ್ಟು ಚಂದ ಅನ್ನೋದಕ್ಕೆ ಈ ನಾಲ್ಕರಲ್ಲಿ ಜಾಗವೇ ಇಲ್ಲ. ಆದರೂ ಜನ ಅರ್ಜಿಯ ಮೂರು ಪುಟ ಸೂರ್ಯಾಸ್ತದ ಫೋಟೋಗಳಿಂದ ತುಂಬಿಸ್ತಾರೆ.

ಘೋಷಣೆಯಾದ ಮಾತ್ರಕ್ಕೆ ಹಣ ಬರೋದಿಲ್ಲ, ಜಮೀನಿನ ಮೇಲೆ ಫೆಡರಲ್ ಹಿಡಿತವೂ ಬರೋದಿಲ್ಲ. ಈ ಎರಡನೇ ಮಾತನ್ನು ಜಮೀನುದಾರರಿಗೆ ಮೊದಲೇ ಹೇಳಿ, ಸಹಿಗೆ ಹಿಂಜರಿಯೋದೇ ಆ ಭಯಕ್ಕೆ.

ಹೊಳೆಬದಿ:
ಒಂದು ಜಮೀನಿನ ಈಸ್‌ಮೆಂಟ್ (ದಾರಿ ಹಾಯಲು ಕೊಟ್ಟ ಕಾನೂನು ಹಕ್ಕು) 2031ಕ್ಕೆ ಮುಗಿಯುತ್ತೆ. ಇನ್ನೊಬ್ಬರು ಕೊಟ್ಟಿರೋದು 30 ದಿನದ ನೋಟಿಸ್‌ನಲ್ಲಿ ವಾಪಸ್ ಪಡೆಯಬಹುದಾದ ಪರವಾನಗಿ.

ನಕ್ಷೆಪೆಟ್ಟಿಗೆ:
ಎರಡೂ ಆಗಲ್ಲ. 2031ಕ್ಕೆ ಹತ್ತು ವರ್ಷ ಉಳಿದಿಲ್ಲ. 30 ದಿನದ ಪರವಾನಗಿ ಹಿಡಿದು ಹತ್ತು ವರ್ಷ ತೆರೆದಿಡ್ತೀವಿ ಅಂತ ಸಹಿ ಹಾಕೋಕೆ ಆಗಲ್ಲ. ಮೊದಲನೆಯದನ್ನು ನವೀಕರಿಸಿ, ಎರಡನೆಯದನ್ನು ಅವಧಿ ನಮೂದಿಸಿದ ಈಸ್‌ಮೆಂಟ್ ಆಗಿ ಬದಲಾಯಿಸಿ ಕೌಂಟಿಯಲ್ಲಿ ನೋಂದಾಯಿಸಿ. ಜಮೀನು ಮಾರಿದರೂ ಹಕ್ಕು ಹೊಸ ಮಾಲೀಕರ ಮೇಲೆ ಮುಂದುವರಿಯುತ್ತೆ ಅನ್ನೋ ಸಾಲು ಇರಲಿ. ಅದಾಗದಿದ್ದರೆ ಆ ತುಂಡನ್ನು ಬಿಟ್ಟು ಉಳಿದದ್ದಕ್ಕೆ ಅರ್ಜಿ ಹಾಕಿ.

ಹುಟ್ಟುಕೋಲು:
ಹೊಳೆಯ ಬಗ್ಗೆ ನಾನು ಹೇಳ್ತೀನಿ. ಇದೇ ಮನ್ನಣೆಯಲ್ಲಿ ಹೊಳೆದಾರಿಗಳಿಗಾಗಿ ಇರುವ ನ್ಯಾಷನಲ್ ವಾಟರ್ ಟ್ರೇಲ್ಸ್ ಸಿಸ್ಟಮ್ ಶುರುವಾದದ್ದು 2012ರಲ್ಲಿ, ಮೊದಲನೆಯದು ಜಾರ್ಜಿಯಾದ ಚಾಟಹೂಚಿ. ಮೇಲಿನ ನಾಲ್ಕರ ಜೊತೆ ಇನ್ನೂ ಏಳು ಅಂಶ ತೋರಿಸಬೇಕು: ವಿಹಾರದ ಅವಕಾಶ, ಶಿಕ್ಷಣ, ಸಂರಕ್ಷಣೆ, ಊರಿನ ಬೆಂಬಲ, ಸಾರ್ವಜನಿಕ ಮಾಹಿತಿ, ನಿರ್ವಹಣೆ, ಯೋಜನೆ.

ಆದರೆ ಮೊದಲು ಹೊಳೆಯ ತಳ ಯಾರದು ಅಂತ ನೋಡಿ. ನೀರು ಎಲ್ಲರದಾದರೂ ತಳ ಎಲ್ಲರದಲ್ಲ. ಮೊಂಟಾನಾದಲ್ಲಿ 1985ರ ಕಾನೂನಿನ ಪ್ರಕಾರ ನೀರು ಸಾಮಾನ್ಯವಾಗಿ ಏರುವ ಗರಿಷ್ಠ ಮಟ್ಟದ ಗುರುತಿನ ತನಕ ಇಳಿದು ನಡೆಯಬಹುದು. ಕೊಲರಾಡೊದಲ್ಲಿ ಖಾಸಗಿ ಜಮೀನೊಳಗಿನ ಹೊಳೆಯ ತಳಕ್ಕೆ ಕಾಲು ತಾಗಿದರೆ ಅತಿಕ್ರಮ. 1979ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ತೆಪ್ಪದವರ ಶಿಕ್ಷೆ ಎತ್ತಿಹಿಡಿದಿದೆ. ನಿಮ್ಮ ರಾಜ್ಯ ಯಾವ ಕಡೆ ಅನ್ನೋದರ ಮೇಲೆ ಊಟಕ್ಕೆ ನಿಲ್ಲುವ ಜಾಗವೂ ನಿರ್ಧಾರವಾಗುತ್ತೆ.

ಒಡ್ಡಿನ ವಿಷಯ ಗಂಭೀರ. ಎತ್ತರ ಮೂರ್ನಾಲ್ಕು ಅಡಿಯೇ ಇರಬಹುದು, ಆದರೆ ಕೆಳಗೆ ಬಿದ್ದ ನೀರು ಒಡ್ಡಿನ ಕಡೆಗೇ ಮಗುಚಿ ಬರುತ್ತೆ, ಬಿದ್ದವರನ್ನು ಹಿಂದಕ್ಕೆಳೆದು ಮತ್ತೆ ಮತ್ತೆ ಮುಳುಗಿಸುತ್ತೆ. ಮೇಲಿನಿಂದ ಬರುವವರಿಗೆ ಕಾಣೋದು ಒಂದು ನೇರ ಗೆರೆ ಮಾತ್ರ. ಗಂಟೆಗೆ 4 ಮೈಲಿ ಸೆಳವಿದ್ದರೆ ದೋಣಿ ನಿಮಿಷಕ್ಕೆ 350 ಅಡಿ ಸಾಗುತ್ತೆ. 150 ಅಡಿ ಮೊದಲು ಬೋರ್ಡ್ ನೆಟ್ಟರೆ ಓದಿ, ತಿರುಗಿಸಿ, ದಡ ಹಿಡಿಯೋಕೆ 25 ಸೆಕೆಂಡ್ ಸಿಗುತ್ತೆ, ಹೊಸಬರಿಗೆ ಸಾಲದು. ಮಳೆಗಾಲದ ಸೆಳವು ಅಳೆದು ದೂರ ನಿರ್ಧರಿಸಿ. ಮೊದಲ ಬೋರ್ಡ್ ಕಾಲು ಮೈಲಿ ಮೇಲೆ, ಎರಡನೆಯದು ದಡಕ್ಕೆ ಇಳಿಯುವಲ್ಲೇ. ದೋಣಿ ಹೊತ್ತು ದಾಟುವ ದಾರಿಗೂ ಜಮೀನಿನ ಸಹಿ ಬೇಕು. ಅರ್ಜಿಯಲ್ಲಿ ಎಲ್ಲರೂ ಮರೆಯೋದು ಇದನ್ನೇ.

ದೋಣಿ ಹತ್ತಿಳಿಯುವ ಇಳಿದಾಣವನ್ನು ಹೊಳೆಯ ತಿರುವಿನ ಒಳಬದಿ ಕಟ್ಟಬೇಡಿ, ಹೂಳು ತುಂಬುತ್ತೆ. ಹೊರಬದಿ ದಡ ಕೊಚ್ಚಿಹೋಗುತ್ತೆ. ನೇರ ಹರಿವಿನಲ್ಲಿ, ಸೆಳವು ಮಂದವಿರುವಲ್ಲಿ ಕಟ್ಟಿ. ಗಂಟೆಗೆ 3 ಮೈಲಿ ಲೆಕ್ಕ ಹಾಕಿದರೂ 14 ಮೈಲಿ ಅಂದರೆ ಸುಮಾರು ಐದು ಗಂಟೆ; ನಡುವೆ ಇನ್ನೊಂದು ಇಳಿದಾಣ ಬೇಕೇ ಬೇಕು.

ಏರುದಾರಿ:
ಕಾಲುದಾರಿಗೆ ಒಂದು ಮಾತು. ಫೆಡರಲ್ ಸುಗಮ್ಯತೆಯ ಮಾನದಂಡ (ಅಂಗವಿಕಲರೂ ಬಳಸಬಹುದಾದ ದಾರಿಯ ಅಳತೆ) ಕೌಂಟಿ ದಾರಿಗೆ ಕಡ್ಡಾಯವಲ್ಲ, ಆದರೂ ಅಳತೆಗೋಲು ಅದೇ ಇರಲಿ. ಅಗಲ ಕನಿಷ್ಠ 36 ಇಂಚು. ಏರು 5 ಶೇಕಡಾದೊಳಗಿದ್ದರೆ (100 ಅಡಿಗೆ 5 ಅಡಿ) ಎಷ್ಟು ದೂರವಾದರೂ ಸರಿ, 8.33 ಶೇಕಡಾ ತನಕ ಒಂದೇ ಸಮ 200 ಅಡಿ, 10 ಶೇಕಡಾ ತನಕ 30 ಅಡಿ, 12 ಶೇಕಡಾ ತನಕ ಬರೀ 10 ಅಡಿ. ಪ್ರತಿ ತುಂಡಿನ ಕೊನೆಗೂ 60 ಇಂಚಿನ ತಂಗುಜಾಗ. 8.33 ಮೀರಿದ ಭಾಗ ಒಟ್ಟು ಉದ್ದದ 30 ಶೇಕಡಾ ದಾಟಬಾರದು. 2 ಅಡಿಯ ಡಿಜಿಟಲ್ ಲೆವೆಲ್ ನೆಲಕ್ಕಿಟ್ಟು ಅಳೆಯಿರಿ. ಜಿಪಿಎಸ್ ಎತ್ತರದ ಲೆಕ್ಕ ಇಷ್ಟು ಸೂಕ್ಷ್ಮಕ್ಕೆ ನಂಬುವಂಥದ್ದಲ್ಲ. ಸಿಕ್ಕ ಗರಿಷ್ಠ ಏರು, ಕನಿಷ್ಠ ಅಗಲ, ನೆಲದ ಬಗೆ, ಇವನ್ನು ದಾರಿಯ ಬಾಯಲ್ಲೇ ಬೋರ್ಡ್ ಮೇಲೆ ಬರೆಯಿರಿ. ‘ಸುಲಭ’, ‘ಮಧ್ಯಮ’ ಅಂತ ಬರೆದರೆ ಗಾಲಿಕುರ್ಚಿಯವರಿಗೆ ಏನೂ ತಿಳಿಯಲ್ಲ.