ತೊಳೆದ ತೊಟ್ಟಿಗೆ ಬೆಟ್ಟಾ ಮೀನನ್ನು ಮರಳಿ ಬಿಡುವುದು ಹೇಗೆ? ಅನುಭವ ಇರುವವರು ದಯವಿಟ್ಟು ತಿಳಿಸಿ

ಮೈಸೂರಿನಿಂದ, ಪ್ರಶ್ನೆ:

ನಮ್ಮ ಮನೆಯಲ್ಲಿ 20 ಲೀಟರಿನ ಗಾಜಿನ ತೊಟ್ಟಿಯಲ್ಲಿ ಒಂದು ಗಂಡು ಬೆಟ್ಟಾ ಮೀನು, ಅಂದರೆ ಅಂಗಡಿಯವರು ಫೈಟರ್ ಎನ್ನುವ ಮೀನು ಇದೆ. ಇಂದು ನೀರು ತುಂಬುವ ಹಬ್ಬವಾದ್ದರಿಂದ ಬಚ್ಚಲ ಹಂಡೆಯನ್ನು ಹುಣಸೆಹಣ್ಣು ಹಚ್ಚಿ ತಿಕ್ಕುವ ಭರದಲ್ಲಿ ಮೀನಿನ ತೊಟ್ಟಿಯನ್ನೂ ಪೂರ್ತಿ ಬರಿದು ಮಾಡಿ, ಕಲ್ಲುಗಳನ್ನೆಲ್ಲ ತೊಳೆದು, ನಲ್ಲಿಯ ನೀರು ತುಂಬಿಸಿಬಿಟ್ಟೆವು. ಮೀನು ಸದ್ಯಕ್ಕೆ ಹಳೆಯ ನೀರಿನೊಂದಿಗೆ ಸ್ಟೀಲಿನ ಬೋಗುಣಿಯಲ್ಲಿದೆ. ಕಳೆದ ವರ್ಷವೂ ಹೀಗೆಯೇ ತೊಳೆದು ಬಿಟ್ಟಿದ್ದ ಮೀನು ಎರಡನೆಯ ದಿನ ಸತ್ತುಹೋಯಿತು, ಮಗಳು ಅದನ್ನು ಇನ್ನೂ ಮರೆತಿಲ್ಲ. ಈ ಸಲ ಹಾಗಾಗದಂತೆ ಏನು ಮಾಡಬೇಕು?

ಬೆಂಗಳೂರಿನಿಂದ:

ಮೊದಲನೆಯದಾಗಿ ಅವಸರ ಪಡಬೇಡಿ. ಬೆಟ್ಟಾ ಮೀನಿಗೆ ಕಿವಿರುಗಳಲ್ಲದೆ ತಲೆಯೊಳಗೆ, ಮೇಲಿನ ಗಾಳಿಯನ್ನೇ ಹೀರಿಕೊಳ್ಳುವ ಇನ್ನೊಂದು ಅಂಗವಿದೆ. ಆದ್ದರಿಂದ ಅದು ಒಂದು ರಾತ್ರಿ ಬೋಗುಣಿಯಲ್ಲಿ ಕಳೆದರೂ ಉಸಿರುಗಟ್ಟುವುದಿಲ್ಲ. ಆದರೆ ಹಾರುವ ಮೀನು ಅದು, ಬೋಗುಣಿಯ ಮೇಲೆ ಜರಡಿಯೊಂದನ್ನು ಮುಚ್ಚಿಡಿ.

ಕಳೆದ ವರ್ಷದ ಮೀನು ಸತ್ತದ್ದಕ್ಕೆ ನನ್ನ ಅಂದಾಜಿನಲ್ಲಿ ಮೂರು ಕಾರಣಗಳಿರಬಹುದು: ಕ್ಲೋರಿನ್, ತಂಪು ನೀರು, ಮತ್ತು ನೀರಿನ ವಿಷ ಕಳೆಯುವ ಒಳ್ಳೆಯ ಬ್ಯಾಕ್ಟೀರಿಯಾಗಳನ್ನು ನೀವು ಕಲ್ಲಿನೊಂದಿಗೆ ತೊಳೆದು ಚೆಲ್ಲಿದ್ದು. ಕುಡಿಯುವ ನೀರಿನ ಭಾರತೀಯ ಮಾನಕದಂತೆ ನಲ್ಲಿಯ ನೀರಿನಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಮನುಷ್ಯರಿಗೆ ಏನೂ ಮಾಡದ ಆ ಪ್ರಮಾಣ ಮೀನಿನ ಕಿವಿರನ್ನು ಸುಡಲು ಸಾಕು. ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ ಆಂಟಿ ಕ್ಲೋರಿನ್ ಹನಿಗಳನ್ನು ಬಾಟಲಿಯ ಮೇಲೆ ಬರೆದಿರುವ ಅಳತೆಯಂತೆ ಹಾಕಿದರೆ ಕೆಲವೇ ನಿಮಿಷಗಳಲ್ಲಿ ಅದು ತಟಸ್ಥವಾಗುತ್ತದೆ. ಅಂಗಡಿ ಮುಚ್ಚಿದ್ದರೆ, ಅಗಲ ಬಾಯಿಯ ಬಕೆಟ್ಟಿನಲ್ಲಿ ನೀರನ್ನು 24 ಗಂಟೆ ತೆರೆದಿಡಿ.

ಎರಡನೆಯದು ಬಿಸುಪು. ಬೆಟ್ಟಾ ಮೂಲತಃ ಥಾಯ್ಲೆಂಡಿನ ಕಡೆಯ ಮೀನು (ಆ ದೇಶ 2019ರಲ್ಲಿ ಇದನ್ನು ತನ್ನ ರಾಷ್ಟ್ರೀಯ ಜಲಚರವೆಂದು ಘೋಷಿಸಿತು). ಅದಕ್ಕೆ 25ರಿಂದ 28 ಡಿಗ್ರಿಯ ನೀರು ಹಿತ. ದೀಪಾವಳಿಯ ಬೆಳಿಗ್ಗೆ ನಮ್ಮ ಸಂಪಿನ ನೀರು ಅಳೆದರೆ 21 ಡಿಗ್ರಿ ಇತ್ತು. ಅದೇ ಏಪ್ರಿಲ್ ಮಧ್ಯಾಹ್ನ ತಾರಸಿಯ ಟ್ಯಾಂಕಿನಿಂದ ಬರುವ ನೀರು ಕೈಗೆ ಚುರುಕ್ಕೆನ್ನುತ್ತದೆ. ಬೆರಳದ್ದಿ ನೋಡಿ ಅಂದಾಜು ಮಾಡಬೇಡಿ, ಒಂದು ಥರ್ಮಾಮೀಟರ್ ಕೊಳ್ಳಿ. ನಿಮ್ಮ ನೀರೂ 21 ಡಿಗ್ರಿಯೇ ಇದ್ದರೆ, 17 ಲೀಟರ್ ತಣ್ಣೀರಿಗೆ ಸುಮಾರು 54 ಡಿಗ್ರಿಗೆ ಕಾಯಿಸಿದ 3 ಲೀಟರ್ ನೀರನ್ನು ಬೆರೆಸಿದಾಗ 26ಕ್ಕೆ ಬರುತ್ತದೆ. ಇದನ್ನು ಮೀನು ಹೊರಗಿರುವಾಗಲೇ ಮಾಡಿ ಮುಗಿಸಬೇಕು. ಹೀಟರ್ ಇದ್ದವರು ತೊಟ್ಟಿ ಬರಿದು ಮಾಡುವ ಮುನ್ನವೇ ಅದರ ಪ್ಲಗ್ ತೆಗೆಯಿರಿ. ನಾನು ಮರೆತು, ಬಿಸಿಯಾಗಿದ್ದ ಗಾಜಿನ ಕೊಳವೆಯ ಮೇಲೆ ತಣ್ಣೀರು ಸುರಿದು, ಅದು ಟಪ್ಪೆಂದು ಸೀಳಿದ ಸದ್ದು ಇನ್ನೂ ಕಿವಿಯಲ್ಲಿದೆ.

ಇವೆರಡೂ ಆದ ಮೇಲೆ ಮೀನನ್ನು ಬಲೆಯಲ್ಲಿ ಹಿಡಿಯದೆ, ಅದರ ಉದ್ದ ರೆಕ್ಕೆಗಳು ಹರಿಯುತ್ತವೆಯಾದ್ದರಿಂದ, ಒಂದು ಪ್ಲಾಸ್ಟಿಕ್ ಡಬ್ಬಿಯಲ್ಲಿ ನೀರಿನೊಂದಿಗೇ ಮೊಗೆದುಕೊಳ್ಳಿ. ಆ ಡಬ್ಬಿಯನ್ನು ತೊಟ್ಟಿಯಲ್ಲಿ ಇಪ್ಪತ್ತು ನಿಮಿಷ ತೇಲಿಬಿಡಿ. ಅನಂತರ ಹತ್ತು ನಿಮಿಷಕ್ಕೊಮ್ಮೆ ಅರ್ಧ ಲೋಟದಷ್ಟು ತೊಟ್ಟಿಯ ನೀರನ್ನು ಡಬ್ಬಿಗೆ ಹಾಕುತ್ತ, ಡಬ್ಬಿಯ ನೀರು ಮೂರು ಪಟ್ಟಾಗುವವರೆಗೆ ಮುಂದುವರಿಸಿ. ಕೊನೆಗೆ ಡಬ್ಬಿಯನ್ನು ಮೆಲ್ಲಗೆ ವಾಲಿಸಿದರೆ ಮೀನು ತಾನಾಗಿ ಈಜಿಕೊಂಡು ಹೋಗುತ್ತದೆ.

ಮಂಗಳೂರಿನಿಂದ:

ಮೇಲಿನವರು ಹೇಳಿದ್ದೆಲ್ಲ ಸರಿ, ಆದರೆ ಎರಡು ಮಾತು ಸೇರಿಸಬೇಕು. ನೀರು ಬೆಚ್ಚಗಾಗಲೆಂದು ಹಬ್ಬದ ಹಂಡೆಯಿಂದ ಬಿಸಿನೀರನ್ನು ಮೊಗೆದು ಹಾಕಬೇಡಿ. ಹಂಡೆ ತಾಮ್ರದ್ದಾಗಿದ್ದರೆ, ಅದರಲ್ಲೂ ಹುಣಸೆಹಣ್ಣಿನಿಂದ ಆಗತಾನೆ ತಿಕ್ಕಿದ್ದಾಗಿದ್ದರೆ, ನೀರಿಗೆ ಇಳಿಯುವ ತಾಮ್ರ ಮೀನಿಗೆ ವಿಷ. ಸ್ಟೀಲ್ ಪಾತ್ರೆಯಲ್ಲಿ ಕಾಯಿಸಿ.

ಇನ್ನೊಂದು, ಗಾಜು ಮತ್ತು ಕಲ್ಲುಗಳನ್ನು ಯಾವುದರಿಂದ ತೊಳೆದಿರಿ ಎಂಬುದನ್ನು ನೀವು ಬರೆದಿಲ್ಲ. ಸೋಪು ಬಳಸಬಾರದೆಂದು ಎಲ್ಲರಿಗೂ ಗೊತ್ತು. ಆದರೆ ನೈಸರ್ಗಿಕವೆಂದು ನಂಬಿ ಅಂಟುವಾಳದ ನೊರೆಯಲ್ಲಿ ನಾನೊಮ್ಮೆ ತೊಟ್ಟಿ ತೊಳೆದೆ. ಅಂಟುವಾಳದಲ್ಲಿ ನೊರೆ ಬರಿಸುವ ಸಪೋನಿನ್ ಮೀನಿನ ಕಿವಿರಿಗೆ ಸೋಪಿಗಿಂತ ಕಡಿಮೆ ಅಪಾಯಕಾರಿಯಲ್ಲ ಎಂಬುದನ್ನು ಒಂದು ಮೀನನ್ನು ಕಳೆದುಕೊಂಡ ಮೇಲೆ ತಿಳಿದುಕೊಂಡೆ. ಗಾಜಿನ ಮೇಲಿನ ಸುಣ್ಣದ ಬಿಳಿ ಗೆರೆಗಳಿಗೆ ವಿನೆಗರ್ ಸಾಕು, ಅದನ್ನೂ ನಾಲ್ಕೈದು ನೀರಿನಲ್ಲಿ ತೊಳೆಯಬೇಕು.

ನಮ್ಮಲ್ಲಿ ಬಾವಿ ನೀರು, ಕ್ಲೋರಿನ್ ಗೊಡವೆಯಿಲ್ಲ. ಆದರೂ ಸೇದಿದ ಕೂಡಲೇ ತೊಟ್ಟಿಗೆ ಸುರಿಯುವುದಿಲ್ಲ. ಮುರಕಲ್ಲಿನ ನೆಲದ ನೀರು ಮೆದು, ಸ್ವಲ್ಪ ಹುಳಿ ಗುಣದ್ದು. ಬಾವಿಯಾಳದಲ್ಲಿ ಕರಗಿದ ಇಂಗಾಲಾಮ್ಲ ಹೊರಟುಹೋಗಲೆಂದು ಒಂದು ರಾತ್ರಿ ಗಾಳಿಗುಳ್ಳೆ ಬಿಟ್ಟು ಇಡುತ್ತೇನೆ.

ಮೈಸೂರಿನಿಂದ, ಮತ್ತೆ:

ಸೋಪು ಬಳಸಿಲ್ಲ, ಬರೀ ನಾರಿನಿಂದ ತಿಕ್ಕಿದ್ದು. ಹಳೆಯ ನೀರು ಅರ್ಧ ಬಕೆಟ್ ಉಳಿದಿದೆ, ಅದನ್ನು ಸೇರಿಸಿದರೆ ಬ್ಯಾಕ್ಟೀರಿಯಾ ಮರಳಿ ಬರುತ್ತವೆಯೇ? ಫಿಲ್ಟರಿನ ಸ್ಪಂಜನ್ನು ತೊಳೆಯುವಷ್ಟರಲ್ಲಿ ಅತ್ತೆಯವರು ಊಟಕ್ಕೆ ಕರೆದದ್ದರಿಂದ ಅದು ಹಾಗೆಯೇ ಒದ್ದೆಯಾಗಿ ಉಳಿದಿದೆ.

ಧಾರವಾಡದಿಂದ:

ನಿಮ್ಮ ಅತ್ತೆಯವರು ಮೀನನ್ನು ಅರ್ಧ ಉಳಿಸಿದ್ದಾರೆ ಎನ್ನಬೇಕು. ಮೀನಿನ ಮಲ ಮತ್ತು ಉಳಿದ ಆಹಾರದಿಂದ ಬರುವ ಅಮೋನಿಯಾವನ್ನು ನೈಟ್ರೈಟ್ ಆಗಿಯೂ ಅದನ್ನು ಕಡಿಮೆ ಹಾನಿಯ ನೈಟ್ರೇಟ್ ಆಗಿಯೂ ಮಾರ್ಪಡಿಸುವ ಬ್ಯಾಕ್ಟೀರಿಯಾಗಳು ನೀರಿನಲ್ಲಿ ತೇಲಾಡುವುದು ಬಹಳ ಕಡಿಮೆ. ಅವು ಸ್ಪಂಜು, ಕಲ್ಲು, ಗಾಜುಗಳಿಗೆ ಅಂಟಿಕೊಂಡು ಬದುಕುತ್ತವೆ. ಹಾಗಾಗಿ ಅರ್ಧ ಬಕೆಟ್ ಹಳೆಯ ನೀರಿಗಿಂತ ಆ ಕೊಳಕು ಸ್ಪಂಜು ಬೆಲೆಯುಳ್ಳದ್ದು. ಹಳೆಯ ನೀರಿನಲ್ಲೇ ಅದನ್ನು ಎರಡು ಸಲ ಹಿಂಡಿ ಮತ್ತೆ ಫಿಲ್ಟರಿಗೆ ಹಾಕಿ. ನಲ್ಲಿಯ ಕೆಳಗೆ ಹಿಡಿಯಬೇಡಿ, ಒಣಗಲೂ ಬಿಡಬೇಡಿ.

ಕಲ್ಲುಗಳನ್ನು ತೊಳೆದಿರುವುದರಿಂದ ಮುಂದಿನ ಎರಡು ಮೂರು ವಾರ ಎಚ್ಚರ ಬೇಕು. ಮೊದಲ ದಿನ ಆಹಾರ ಕೊಡಬೇಡಿ, ಒಂದು ದಿನದ ಉಪವಾಸದಿಂದ ಬೆಟ್ಟಾ ಸೊರಗುವುದಿಲ್ಲ. ಅನಂತರ ದಿನಕ್ಕೆ ಎರಡು ಮೂರು ಕಾಳು ಸಾಕು. ನೀರು ಪರೀಕ್ಷಿಸುವ ಟೆಸ್ಟ್ ಕಿಟ್ಟಿನಲ್ಲಿ ಅಮೋನಿಯಾ ಲೀಟರಿಗೆ 0.25 ಮಿಲಿಗ್ರಾಂ ತೋರಿಸಿದ ದಿನವೇ ಕಾಲು ಭಾಗ ನೀರು ಬದಲಿಸಿ. ಬೋರ್‌ವೆಲ್ಲಿನ ಗಡಸು ನೀರು ಬಳಸುವವರು ಇನ್ನೂ ಬಿಗಿಯಾಗಿರಬೇಕು, ಏಕೆಂದರೆ ಕ್ಷಾರ ಹೆಚ್ಚಿದಷ್ಟೂ ಅಮೋನಿಯಾದ ವಿಷಕಾರಿ ಭಾಗ ಹೆಚ್ಚುತ್ತದೆ. ಮೀನು ತಳದಲ್ಲಿ ಮಲಗಿ ಕಿವಿರನ್ನು ಬೇಗ ಬೇಗ ಆಡಿಸಿದರೆ, ಅಥವಾ ರೆಕ್ಕೆಗಳನ್ನು ಮೈಗೆ ಒತ್ತಿಕೊಂಡರೆ, ಕಿಟ್ಟಿನ ದಾರಿ ಕಾಯದೆ ನೀರು ಬದಲಿಸುವುದು ಒಳ್ಳೆಯದು.

ಸ್ಯಾನ್ ಫ್ರಾನ್ಸಿಸ್ಕೋದಿಂದ:

ಹೊರದೇಶದಲ್ಲಿರುವ ಕನ್ನಡಿಗರಿಗೊಂದು ಸೂಚನೆ. ನೀರನ್ನು 24 ಗಂಟೆ ತೆರೆದಿಡುವ ಊರಿನ ಅಭ್ಯಾಸ ಇಲ್ಲಿ ನಡೆಯುವುದಿಲ್ಲ. ಈ ನಗರದ ನೀರಿಗೆ 2004ರಿಂದ ಕ್ಲೋರಿನ್ ಬದಲು ಕ್ಲೋರಮೈನ್ (ಕ್ಲೋರಿನ್ ಮತ್ತು ಅಮೋನಿಯಾ ಸೇರಿ ಆಗುವ ಸಂಯುಕ್ತ) ಬೆರೆಸುತ್ತಾರೆ, ಅದು ತಾನಾಗಿ ಆರಿಹೋಗುವುದಿಲ್ಲ. ಬರೀ ಕ್ಲೋರಿನ್ ತೆಗೆಯುವ ಹನಿಗಳು ಅದನ್ನು ಒಡೆದಾಗ ಅಮೋನಿಯಾ ಉಳಿಯುತ್ತದೆ. ಎರಡನ್ನೂ ಹಿಡಿದಿಡುವ ದ್ರಾವಣವನ್ನೇ ಕೇಳಿ ಕೊಳ್ಳಬೇಕು. ಇನ್ನೊಂದು ವಿಷಯ: ಒಂದೆರಡು ದಿನ ಮುಚ್ಚಿದ ಚೀಲದಲ್ಲಿ ಪ್ರಯಾಣಿಸಿ ಬಂದ ಮೀನಿಗೆ ಬೆಂಗಳೂರಿನವರ ಲೋಟದ ಕ್ರಮ ಒಳ್ಳೆಯದಲ್ಲ. ಚೀಲ ಬಿಚ್ಚಿ ಗಾಳಿಯಾಡಿದೊಡನೆ ಒಳಗಿನ ಅಮೋನಿಯಾ ವಿಷವೇರುವುದರಿಂದ, ಚೀಲವನ್ನು ಬಿಚ್ಚದೆಯೇ ತೇಲಿಸಿ ಬಿಸುಪು ಹೊಂದಿಸಿಕೊಂಡು, ಬಿಚ್ಚಿದ ಮೇಲೆ ಬೇಗ ಬಿಡಬೇಕು. ನಿಮ್ಮ ಬೋಗುಣಿಯ ಮೀನಿಗೆ ಈ ಭಯವಿಲ್ಲ.

ಮೈಸೂರಿನಿಂದ, ಐದು ದಿನಗಳ ನಂತರ:

ಎಲ್ಲರಿಗೂ ಧನ್ಯವಾದಗಳು. ಅಂದು ಅಂಗಡಿ ಮುಚ್ಚಿತ್ತು, ಹಾಗಾಗಿ ಮೀನು ಜರಡಿಯ ಕೆಳಗೆ ಒಂದು ರಾತ್ರಿ ಕಳೆಯಿತು. ತೊಟ್ಟಿಯ ನೀರನ್ನು ಎರಡು ಬಕೆಟ್ಟುಗಳಿಗೆ ಸುರಿದು ತೆರೆದಿಟ್ಟೆವು. ಮರುದಿನ ಸಂಜೆ ಮಗಳು ಗಡಿಯಾರ ನೋಡಿಕೊಂಡು ಲೋಟದಿಂದ ನೀರು ಹಾಕಿದಳು. ಬಿಟ್ಟ ಮೇಲೆ ಮೀನು ಒಂದು ಗಂಟೆ ಮೂಲೆಯಲ್ಲಿ ನಿಂತಿತ್ತು, ಆಮೇಲೆ ತೊಟ್ಟಿಯ ಸುತ್ತ ಒಂದು ಸುತ್ತು ಬಂತು. ನಾಲ್ಕನೆಯ ದಿನ ಕಿಟ್ಟಿನಲ್ಲಿ 0.25 ಕಂಡಿತು, 5 ಲೀಟರ್ ಬದಲಿಸಿದೆವು. ಇವತ್ತು ಬೆಳಿಗ್ಗೆ ಫಿಲ್ಟರಿನ ಪಕ್ಕ ಸಾಸಿವೆಯಂಥ ಗುಳ್ಳೆಗಳನ್ನು ಒತ್ತೊತ್ತಾಗಿ ಜೋಡಿಸಿ ಮೀನು ನೊರೆಗೂಡು ಕಟ್ಟಿದೆ, ಗಂಡು ಬೆಟ್ಟಾ ಮೊಟ್ಟೆಗಳಿಗೆಂದು ಕಟ್ಟುವಂಥದ್ದು. ಭಾನುವಾರ ನೀರು ಬದಲಿಸುವಾಗ ಆ ಗೂಡು ಒಡೆಯದಂತೆ ಹೇಗೆ ಸುರಿಯುವುದು ಎಂದು ಮಗಳು ಕೇಳುತ್ತಿದ್ದಾಳೆ.

ಬೆಂಗಳೂರಿನಿಂದ:

ಗೂಡಿನ ಎದುರು ಮೂಲೆಯಲ್ಲಿ ನೀರಿನ ಮೇಲೆ ಒಂದು ಚಿಕ್ಕ ತಟ್ಟೆ ತೇಲಿಸಿ, ಅದರ ಮೇಲೆ ಸಣ್ಣ ಧಾರೆಯಾಗಿ ಸುರಿಯಲು ಹೇಳಿ. ಒಡೆದರೂ ಚಿಂತೆಯಿಲ್ಲ, ಅದು ಇನ್ನೊಂದನ್ನು ಕಟ್ಟಿಕೊಳ್ಳುತ್ತದೆ.