ಫೋರ್‌ಮನ್‌ನನ್ನು ಸೋಲಿಸಿದ ಜಿಮ್ಮಿ ಯಂಗ್ ಹೆಸರು ಯಾಕೆ ಯಾರ ಬಾಯಲ್ಲೂ ಇಲ್ಲ?

ರಾಘು_ರಿಂಗ್‌ಸೈಡ್
1970ರ ದಶಕದ ಹೆವಿವೇಟ್ ಬಾಕ್ಸಿಂಗ್ ಅಂದರೆ ಅಲಿ, ಫ್ರೇಜಿಯರ್, ಫೋರ್‌ಮನ್, ನಾರ್ಟನ್. ಅಲ್ಲಿಗೆ ಎಲ್ಲರ ಪಟ್ಟಿ ನಿಂತುಬಿಡುತ್ತದೆ. ಫಿಲಡೆಲ್ಫಿಯಾದ ಜಿಮ್ಮಿ ಯಂಗ್ ಯಾರಿಗೂ ನೆನಪಿಲ್ಲ. 1977 ಮಾರ್ಚ್ 17, ಪೋರ್ಟೊ ರಿಕೊದ ಸ್ಯಾನ್ ಹುವಾನ್. ಫೋರ್‌ಮನ್ ಅಲ್ಲಿಯವರೆಗೆ ಸೋತಿದ್ದು ಒಂದೇ ಸಲ, ಅದೂ ಅಲಿಗೆ. ಆ ರಾತ್ರಿ ಯಂಗ್ ಕೊನೆಯ ರೌಂಡಿನಲ್ಲಿ ಅವನನ್ನು ಕೆಳಗೆ ಬೀಳಿಸಿ, 12 ರೌಂಡ್ ಮುಗಿಸಿ ಪಾಯಿಂಟ್ ಮೇಲೆ ಗೆದ್ದ. ಏಟು ತಪ್ಪಿಸಿಕೊಳ್ಳುವ ವಿದ್ಯೆಯಲ್ಲಿ ಆ ಕಾಲದ ದೊಡ್ಡ ತೂಕದವರ ಪೈಕಿ ಇವನಷ್ಟು ಪಳಗಿದವನು ಇನ್ನೊಬ್ಬ ಇರಲಿಲ್ಲ. 1976ರಲ್ಲಿ ಅಲಿ ಎದುರು ವಿಶ್ವ ಚಾಂಪಿಯನ್ ಬೆಲ್ಟ್ ಕೂಡ ಇವನಿಗೇ ಬರಬೇಕಿತ್ತು.

ಕಿರಣ್76
"ಬೆಲ್ಟ್ ಇವನಿಗೇ ಬರಬೇಕಿತ್ತು"? ಆ ಫೈಟ್ ಪೂರ್ತಿ ನೋಡಿದ್ದೀರಾ ಸರ್? 1976 ಏಪ್ರಿಲ್ 30, ಮೇರಿಲ್ಯಾಂಡಿನ ಲ್ಯಾಂಡೋವರ್. ಅಲಿ ಮೇಲೆ ಬಿದ್ದಾಗಲೆಲ್ಲ ಯಂಗ್ ಹಗ್ಗದ ಸಂದಿಯಲ್ಲಿ ತಲೆ ತೂರಿಸಿ ರಿಂಗಿನ ಆಚೆ ಬಗ್ಗುತ್ತಿದ್ದ. ಆಗ ರೆಫರಿ ಅಲಿಯನ್ನು ತಡೆಯಲೇಬೇಕು. ಇದಕ್ಕೆ ಡಿಫೆನ್ಸ್ ಅಂತ ಹೆಸರಿಡಬೇಡಿ. ಮೂವರು ತೀರ್ಪುಗಾರರೂ ಅಲಿಗೇ ಕೊಟ್ಟರು. ಮುಗೀತು.

ಶೈಲಾ_ಎಂ
ಹೇಗೆ ಮುಗೀತು? ಆ ಮೂವರಲ್ಲಿ ಒಬ್ಬರ ಲೆಕ್ಕ 70-68. ಹದಿನೈದು ರೌಂಡಿಗೆ ಎರಡೇ ಪಾಯಿಂಟ್ ವ್ಯತ್ಯಾಸ! ತೀರ್ಪು ಹೇಳಿದಾಗ ಜನ ಬೈದು ಕೂಗಾಡಿದರು. ಅಲಿ 230 ಪೌಂಡ್ ತೂಗುತ್ತಿದ್ದ, ರೌಂಡಿಗೆ ಅರ್ಧ ನಿಮಿಷವೂ ಸರಿಯಾಗಿ ಕೈ ಬೀಸಲಿಲ್ಲ. ಜ್ಯಾಬ್ (ಮುಂದಿನ ಕೈಯಿಂದ ಕೊಡುವ ನೇರ ಏಟು) ಹಾಕಿ ಫೈಟ್ ನಡೆಸಿದ್ದು ಯಂಗ್.

ಕಿರಣ್76
230 ಪೌಂಡ್ ಅಂತ ನೀವೇ ಒಪ್ಪಿದಿರಿ. ಅಂದರೆ ಯಂಗ್‌ಗೆ ಸಿಕ್ಕಿದ್ದು ತಯಾರಿ ಇಲ್ಲದ ಅಲಿ. ಏಳು ತಿಂಗಳ ಹಿಂದೆ ಮನಿಲಾದಲ್ಲಿ ಫ್ರೇಜಿಯರ್ ಜೊತೆ ಜೀವ ಹೋಗುವಷ್ಟು ಬಡಿದಾಡಿದವನು, ವಯಸ್ಸು 34. ಅಂಥವನನ್ನೂ ಗೆಲ್ಲಲಾಗದವನಿಗೆ ಬೆಲ್ಟ್ ಯಾಕೆ?

ಜಟ್ಟಿ_ಮಗ
ನಮ್ಮಪ್ಪ ಗರಡಿಯಲ್ಲಿ ಬೆಳೆದವರು. ಕುಸ್ತಿಯಲ್ಲಿ ಪಟ್ಟು ಬೀಳುವ ಹೊತ್ತಿಗೆ ಅಖಾಡದ ಆಚೆ ಓಡಿದರೆ ನೋಡುವ ಜನ ಸುಮ್ನೆ ಬಿಡ್ತಾರಾ? ಹಗ್ಗದ ಆಚೆ ತಲೆ ಹಾಕಿದವನನ್ನು ಕಲಾವಿದ ಅಂತ ಹೊಗಳಬೇಡಿ.

ರಾಘು_ರಿಂಗ್‌ಸೈಡ್
ಕುಸ್ತಿಯ ನಿಯಮ ತಂದು ಬಾಕ್ಸಿಂಗ್ ಅಳೆಯಬೇಡಿ ಗುರುಗಳೇ. ಅವನು ಹಾಗೆ ಮಾಡಿದ್ದು ಕೆಲವು ಸಲ. ಉಳಿದ ಹೊತ್ತು ಏನು ಮಾಡಿದ ಅದನ್ನು ನೋಡಿ. ಕೈ ಮೇಲೆತ್ತಿ, ಗಲ್ಲ ಒಳಗಿಟ್ಟುಕೊಂಡು, ಅರ್ಧ ಹೆಜ್ಜೆ ಹಿಂದಿಡುತ್ತಾನೆ. ಅಲಿಯ ಜ್ಯಾಬ್ ಅವನ ಬಲಗೈ ಗ್ಲೌಸಿಗೆ ತಾಗಿ ಸಾಯುತ್ತದೆ. ಆ ಕೈ ವಾಪಸ್ ಹೋಗುವ ಮೊದಲೇ ಇವನ ಬಲಗೈ ಅಲಿಯ ತಲೆ ಮೇಲಿರುತ್ತದೆ. ಅಲಿಯ ಜ್ಯಾಬನ್ನೇ ಸುಮ್ಮನಾಗಿಸಿದವರು ಎಷ್ಟು ಜನ ಇದ್ದಾರೆ ಹೇಳಿ.

ಜಟ್ಟಿ_ಮಗ
"ಕೆಲವು ಸಲ" ಅಂದರೆ ಎಷ್ಟು ಸಲ? ಒಮ್ಮೆಯಂತೂ ರೆಫರಿ, ಕೆಳಗೆ ಬಿದ್ದವನಿಗೆ ಎಣಿಸುವ ಹಾಗೆ, ಎಣಿಸೋಕೇ ಶುರು ಮಾಡಿದ. ಅದನ್ನು ಯಾಕೆ ಮುಚ್ಚಿಡುತ್ತೀರಿ?

ಶೈಲಾ_ಎಂ
ಮುಚ್ಚಿಡುವುದು ಏನಿದೆ? ಎಣಿಸಿದ್ದು ಹಗ್ಗದಾಚೆ ಇದ್ದ ಅಂತ. ಏಟು ತಿಂದು ಬಿದ್ದಿದ್ದಕ್ಕಲ್ಲ. ಕಿನ್ಶಾಸಾದಲ್ಲಿ 1974ರಲ್ಲಿ ಅಲಿ ಇಡೀ ರಾತ್ರಿ ಹಗ್ಗಕ್ಕೆ ಒರಗಿ, ತಲೆ ಹಿಂದಕ್ಕೆ ವಾಲಿಸಿ ಫೋರ್‌ಮನ್‌ನ ಏಟು ತಪ್ಪಿಸಿಕೊಂಡ. ಇವತ್ತಿಗೂ ಅದನ್ನು ಜಾಣತನ ಅಂತ ಪಾಠ ಮಾಡುತ್ತಾರೆ. ಅಲಿ ಹಗ್ಗ ಬಳಸಿದರೆ ಬುದ್ಧಿ, ಯಂಗ್ ಬಳಸಿದರೆ ಪುಕ್ಕಲುತನ. ಇದು ಯಾವ ಊರ ನ್ಯಾಯ?

ಕಿರಣ್76
ಒರಗುವುದು ಬೇರೆ, ಆಚೆ ಹೋಗುವುದು ಬೇರೆ ಮೇಡಂ. ಅಲಿ ಒರಗಿ ನಿಂತು ಏಟು ತಿಂದ. ಪಕ್ಕೆಗೆ, ತೋಳಿಗೆ, ಎಲ್ಲದಕ್ಕೂ. ತಿಂದು 8ನೇ ರೌಂಡಿನಲ್ಲಿ ಫೋರ್‌ಮನ್‌ನನ್ನು ಮಲಗಿಸಿದ. ಯಂಗ್ ಹಗ್ಗದಾಚೆ ಬಗ್ಗಿ ಯಾರನ್ನು ಮಲಗಿಸಿದ?

ಜಟ್ಟಿ_ಮಗ
ಸರಿಯಾಗಿ ಹೇಳಿದಿರಿ. ಗಂಡಸಾದವನು ಎದುರು ನಿಲ್ಲಬೇಕು.

ಶೈಲಾ_ಎಂ
"ಗಂಡಸಾದವನು" ಅನ್ನೋ ಮಾತು ಇಲ್ಲಿ ಬೇಡ. ಏಟು ತಿಂದವನೇ ದೊಡ್ಡವನು ಅನ್ನೋ ಈ ಹುಚ್ಚಿನಿಂದಲೇ ಎಷ್ಟು ಬಾಕ್ಸರ್‌ಗಳು ಕೊನೆಗಾಲದಲ್ಲಿ ಮಾತಾಡಲಾಗದೆ, ಕೈ ನಡುಗುತ್ತಾ ಕೂತರು ಗೊತ್ತಾ? ಅಲಿಯನ್ನೇ ನೋಡಿದ್ದೀವಲ್ಲ.

ಜಟ್ಟಿ_ಮಗ
ಅಲಿಯ ಕಾಯಿಲೆಯನ್ನು ವಾದಕ್ಕೆ ಎಳೆಯಬೇಡಿ ಅಕ್ಕ. ನಾನು ಹಗ್ಗದ ಬಗ್ಗೆ ಕೇಳಿದೆ, ನೀವು ಆಸ್ಪತ್ರೆಗೆ ಹೋದಿರಿ.

ಅನಂತ_ಕೋಚ್
ನಾನು ಮಕ್ಕಳಿಗೆ ಬಾಕ್ಸಿಂಗ್ ಹೇಳಿಕೊಡುತ್ತೇನೆ. ಹಗ್ಗದ ಜಗಳ ಸ್ವಲ್ಪ ಬಿಡಿ. ನಮ್ಮ ಹುಡುಗರಿಗೆ ನಾನು ಹಾಕಿ ತೋರಿಸುವುದು ಫೋರ್‌ಮನ್ ಫೈಟಿನ 7ನೇ ರೌಂಡ್. ಫೋರ್‌ಮನ್‌ನ ಎಡಗೈ ಹುಕ್ (ಪಕ್ಕದಿಂದ ಬೀಸುವ ಏಟು) ಬಿದ್ದು ಯಂಗ್‌ನ ಕಾಲು ಸಡಿಲವಾಗುತ್ತದೆ. ಆ ಹೊತ್ತಿಗೆ ನೂರರಲ್ಲಿ ತೊಂಬತ್ತು ಜನ ವಾಪಸ್ ಬೀಸಲು ಹೋಗಿ ಮಲಗುತ್ತಾರೆ. ಇವನು ಹೋಗಿ ಅವನನ್ನು ತಬ್ಬಿಕೊಳ್ಳುತ್ತಾನೆ. ಫೋರ್‌ಮನ್‌ನ ತೋಳನ್ನು ತನ್ನ ಕಂಕುಳಲ್ಲಿ ಸಿಕ್ಕಿಸಿ, ತಲೆಯನ್ನು ಅವನ ಎದೆಗೆ ಒತ್ತಿ, ಉಸಿರು ತಗೊಳ್ಳುತ್ತಾನೆ. ಆಮೇಲಿನ ರೌಂಡುಗಳಲ್ಲಿ ದಣಿದವನು ಫೋರ್‌ಮನ್, ಇವನಲ್ಲ. ಪೆಟ್ಟು ಬಿದ್ದ ಮೇಲೂ ತಲೆ ಕೆಲಸ ಮಾಡುವುದೇ ಡಿಫೆನ್ಸ್. ಹುಡುಗರಿಗೆ ಇದನ್ನು ಕಲಿಸುವುದು ತುಂಬಾ ಕಷ್ಟ.

ಕಿರಣ್76
"ದಣಿದವನು ಫೋರ್‌ಮನ್" ಅಂದಿರಲ್ಲ, ಅಲ್ಲೇ ಇದೆ ಉತ್ತರ. ಸ್ಯಾನ್ ಹುವಾನ್ ಸೆಕೆ. ಫೈಟ್ ಮುಗಿದ ಮೇಲೆ ಫೋರ್‌ಮನ್ ಡ್ರೆಸ್ಸಿಂಗ್ ರೂಮಿನಲ್ಲಿ ಕುಸಿದ. ದೇವರ ಅನುಭವ ಆಯಿತು ಅಂತ ಬಾಕ್ಸಿಂಗ್ ಬಿಟ್ಟು ಪಾದ್ರಿಯಾದ. ಹತ್ತು ವರ್ಷ ರಿಂಗ್ ಹತ್ತಲಿಲ್ಲ. ಸೋಲಿಸಿದ್ದು ಸೆಕೆ.

ರಾಘು_ರಿಂಗ್‌ಸೈಡ್
ಸೆಕೆ ಯಂಗ್‌ಗೆ ಇರಲಿಲ್ವಾ? ಅವನಿದ್ದ ಮೂಲೆಗೆ ಫ್ಯಾನ್ ಹಾಕಿದ್ರಾ? ಇನ್ನೊಂದು ವಿಷಯ ಯಾರೂ ಮುಟ್ಟುತ್ತಿಲ್ಲ. 1975ರ ಫೆಬ್ರವರಿಯಲ್ಲಿ ಹೊನೊಲುಲುವಿನಲ್ಲಿ ಯಂಗ್ ರಾನ್ ಲೈಲ್‌ನನ್ನು ಸೋಲಿಸಿದ. ಮೇ ತಿಂಗಳಲ್ಲಿ ಅಲಿ ಜೊತೆ ಬೆಲ್ಟಿಗೆ ಆಡುವ ಅವಕಾಶ ಸಿಕ್ಕಿದ್ದು ಯಾರಿಗೆ? ಸೋತ ಲೈಲ್‌ಗೆ! 1976ರಲ್ಲಿ ಅದೇ ಲೈಲ್‌ನನ್ನು ಯಂಗ್ ಮತ್ತೆ ಸೋಲಿಸಿದ. ಜೋರಾಗಿ ಹೊಡೆಯುವವನಿಗೆ ಟಿಕೆಟ್ ಮಾರಾಟ ಆಗುತ್ತದೆ. ತಪ್ಪಿಸಿಕೊಳ್ಳುವವನಿಗೆ ಆಗಲ್ಲ. ನನ್ನ ಸಂಕಟ ಅದು.

ಜಟ್ಟಿ_ಮಗ
ಟಿಕೆಟ್ ಯಾಕೆ ಮಾರಾಟ ಆಗಲಿಲ್ಲ? ದುಡ್ಡು ಕೊಟ್ಟು ಬಂದವರು ಹಗ್ಗದಾಚೆ ನೇತಾಡುವ ತಲೆ ನೋಡಬೇಕಾ?

ಶೈಲಾ_ಎಂ
ಮತ್ತೆ ಹಗ್ಗ! ಲೈಲ್ ಬಗ್ಗೆ ಒಂದು ಮಾತು ಆಡಿ ನೋಡೋಣ.

ಜಟ್ಟಿ_ಮಗ
ಲೈಲ್ ಬಗ್ಗೆ ಬೇಡ, ಶೇವರ್ಸ್ ಬಗ್ಗೆ ಹೇಳ್ತೀನಿ. 1973ರಲ್ಲಿ ಅರ್ನಿ ಶೇವರ್ಸ್ ಇವನನ್ನು ಮೂರೇ ರೌಂಡಿನಲ್ಲಿ ಮುಗಿಸಿದ. ಎಲ್ಲಿತ್ತು ನಿಮ್ಮ ವಿದ್ಯೆ?

ಅನಂತ_ಕೋಚ್
ಮರುವರ್ಷ ಅದೇ ಶೇವರ್ಸ್ ಜೊತೆ ಡ್ರಾ ಮಾಡಿಕೊಂಡ. ಪೂರ್ತಿ ಹೇಳಿ. ಆ ಎರಡು ಫೈಟುಗಳ ನಡುವೆ ಅವನು ಕಲಿತಿದ್ದೇ ನಾವು ಮಾತಾಡುತ್ತಿರುವ ವಿದ್ಯೆ.

ಕಿರಣ್76
ಅಷ್ಟು ಕಲಿತವನು 1978ರಲ್ಲಿ ಒಮ್ಮೆ, 1979ರಲ್ಲಿ ಇನ್ನೊಮ್ಮೆ ಓಸಿ ಒಕಾಸಿಯೊಗೆ ಸೋತ. 1980ರಲ್ಲಿ ಗೆರಿ ಕೂನಿ 4 ರೌಂಡಿನಲ್ಲಿ ಮುಗಿಸಿದ. ದೊಡ್ಡ ಬಾಕ್ಸರ್ ಎರಡು ಮೂರು ವರ್ಷಕ್ಕೇ ಕರಗಿಹೋಗಲ್ಲ.

ರಾಘು_ರಿಂಗ್‌ಸೈಡ್
ಅದಕ್ಕೂ ಮೊದಲು ಏನಾಯಿತು ಅದನ್ನು ಹಾರಿಸಿಬಿಟ್ಟಿರಿ. 1977 ನವೆಂಬರ್ 5, ಲಾಸ್ ವೇಗಸ್, ನಾರ್ಟನ್ ಎದುರು 15 ರೌಂಡ್. ತೀರ್ಪು 2-1, ನಾರ್ಟನ್ ಕಡೆಗೆ. ಆ ಒಂದು ಗೆಲುವಿನ ಆಧಾರದ ಮೇಲೆ ಮರುವರ್ಷ ವಿಶ್ವ ಬಾಕ್ಸಿಂಗ್ ಮಂಡಳಿ (ಡಬ್ಲ್ಯುಬಿಸಿ) ನಾರ್ಟನ್‌ಗೆ ಬೆಲ್ಟ್ ಕೊಟ್ಟಿತು. ಒಬ್ಬ ತೀರ್ಪುಗಾರನ ಚೀಟಿ ತಿರುಗಿದ್ದರೆ ಆ ಬೆಲ್ಟ್ ಯಂಗ್ ಸೊಂಟದಲ್ಲಿ ಇರುತ್ತಿತ್ತು. ಹೀಗೆ ಎರಡು ಸಲ ಬಾಯಿಗೆ ಬಂದ ತುತ್ತು ಹೋದ ಮೇಲೆ ಮನುಷ್ಯ ಕುಗ್ಗುತ್ತಾನೆ. 2005ರಲ್ಲಿ ಸತ್ತಾಗ ವಯಸ್ಸು 56. ಆವತ್ತು ಎಷ್ಟು ಜನಕ್ಕೆ ಇವನು ನೆನಪಿದ್ದ?

ಕಿರಣ್76
ನಾರ್ಟನ್ ಫೈಟ್ ಹತ್ತಿರದ್ದು, ಅಲ್ಲ ಅನ್ನಲ್ಲ. ನಾನೂ ಒಂದು ರೌಂಡ್ ಅತ್ತಿತ್ತ ಮಾಡಿ ಲೆಕ್ಕ ಹಾಕಿದ್ದೇನೆ. ಆದರೆ ಅಲಿ ಫೈಟ್ ಅಲಿಯದೇ.

ಶೈಲಾ_ಎಂ
5, 6 ಮತ್ತು 12ನೇ ರೌಂಡ್ ಯಾರಿಗೆ ಕೊಟ್ಟಿರಿ ಹೇಳಿ. ಅಲಿಗೆ ಕೊಟ್ಟಿದ್ದರೆ ಯಾವ ಏಟಿಗೆ ಅಂತಲೂ ಹೇಳಿ.

ಜಟ್ಟಿ_ಮಗ
ರೌಂಡ್ ಲೆಕ್ಕ ಆಮೇಲೆ. ಅವನು ಎಷ್ಟು ಸಲ ಹಗ್ಗದಾಚೆ ಹೋದ ಅಂತ ಇನ್ನೂ ಯಾರೂ ಹೇಳಿಲ್ಲ.